ಮನೆಯೋ, ಹಾಸ್ಪೈಸೋ, ಆಸ್ಪತ್ರೆಯೋ: ಕೊನೆಯ ಹಂತದ ಕ್ಯಾನ್ಸರ್ ರೋಗಿಯ ಆರೈಕೆಗೆ ಜಾಗ ಆರಿಸುವ ಬಗೆ

'ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲ, ಕರೆದುಕೊಂಡು ಹೋಗಿ' ಎಂದು ವೈದ್ಯರು ಹೇಳಿದ ಮೇಲೆ ಕುಟುಂಬದಲ್ಲಿ ಏಳುವ ಮೊದಲ ಪ್ರಶ್ನೆ, ಕರೆದುಕೊಂಡು ಹೋಗುವುದು ಎಲ್ಲಿಗೆ ಎಂಬುದು. ಊರಿನಲ್ಲಿರುವ ಅಣ್ಣ ಮನೆಗೇ ಎನ್ನುತ್ತಾನೆ. ಬೆಂಗಳೂರಿನಲ್ಲಿರುವ ತಮ್ಮ ದೊಡ್ಡ ಆಸ್ಪತ್ರೆಯ ಐಸಿಯು ಎನ್ನುತ್ತಾನೆ. ಹೊರದೇಶದಲ್ಲಿರುವ ಮಗಳು ಫೋನಿನಲ್ಲಿ 'ಗ್ಲೂಕೋಸ್ ಆದರೂ ಹಾಕಿಸಿ' ಎಂದು ಅಳುತ್ತಾಳೆ. ಯಾರೋ ಒಬ್ಬರು ಹಾಸ್ಪೈಸಿನ, ಎಂದರೆ ಗುಣವಾಗದ ಹಂತದ ರೋಗಿಗಳನ್ನು ಇರಿಸಿಕೊಂಡು ಸಂಕಟ ತಗ್ಗಿಸುವ ಆರೈಕೆಯ ತಾಣದ, ಹೆಸರು ಎತ್ತಿದರೆ ಉಳಿದವರೆಲ್ಲ 'ಹೆತ್ತವರನ್ನು ಅಲ್ಲಿ ಬಿಟ್ಟು ಬರುವುದೇ' ಎಂದು ಮುಖ ತಿರುಗಿಸುತ್ತಾರೆ. ಈ ಚರ್ಚೆ ಪ್ರೀತಿ, ಪಾಪಪ್ರಜ್ಞೆ, ಹಣ ಮತ್ತು ನೆಂಟರಿಷ್ಟರ ಮಾತಿನ ಭಯದ ಸುತ್ತ ಎಷ್ಟು ಹೊತ್ತು ನಡೆದರೂ, ರೋಗಿಗೆ ಮುಂದಿನ ವಾರಗಳಲ್ಲಿ ಏನೇನು ತೊಂದರೆ ಬರಬಹುದು, ಬಂದಾಗ ಅದನ್ನು ತಗ್ಗಿಸುವವರು ಯಾರು ಎಂಬ ಪ್ರಶ್ನೆ ಅಲ್ಲಿ ಬರುವುದೇ ಅಪರೂಪ. ಮನೆಮನೆಗೆ ಹೋಗಿ ಉಪಶಾಮಕ ಆರೈಕೆ, ಎಂದರೆ ಕಾಯಿಲೆ ವಾಸಿಯಾಗದಿದ್ದರೂ ನೋವು, ಸಂಕಟ ತಗ್ಗಿಸುವ ಆರೈಕೆ, ನೀಡುವ ತಂಡದೊಂದಿಗೆ ಕೆಲಸ ಮಾಡುವ ನನಗೆ, ಜಾಗದ ಆಯ್ಕೆ ಆ ಪ್ರಶ್ನೆಯಿಂದಲೇ ಶುರುವಾಗಬೇಕು ಎನ್ನಿಸುತ್ತದೆ. ರಾತ್ರಿ ಎರಡು ಗಂಟೆಗೆ ನೋವು ಏರಿದಾಗ ಸರಿಯಾದ ಔಷಧ ಕೈಗೆ ಸಿಗುವ ಜಾಗವೇ ಸರಿಯಾದ ಜಾಗ. ಕಟ್ಟಡದ ಹೆಸರು ಆಮೇಲಿನ ಮಾತು.

ಇಲ್ಲಿ ಹೇಳಿರುವುದು ಮುಖ್ಯವಾಗಿ ಕರ್ನಾಟಕದಲ್ಲಿರುವ, ವಯಸ್ಕರಾದ, ಉಲ್ಬಣಗೊಂಡ ಕ್ಯಾನ್ಸರ್ ರೋಗಿಗಳ ವಿಷಯ. ಔಷಧಗಳ ಹೆಸರು ಬರುವುದು ಓದುಗರು ವೈದ್ಯರ ಬಳಿ ತಿಳಿದು ಮಾತನಾಡಲಿ ಎಂಬ ಕಾರಣಕ್ಕೆ ಹೊರತು ತಾವೇ ಕೊಂಡು ಕೊಡಲಿ ಎಂದಲ್ಲ.

ಯಾವುದನ್ನು ನೋಡಿ ತೀರ್ಮಾನಿಸಬೇಕು

ಮೊದಲನೆಯದು, ಬರಲಿರುವ ತೊಂದರೆಯ ಸ್ವರೂಪ. ಕ್ಯಾನ್ಸರ್ ಯಾವ ಅಂಗದಲ್ಲಿದೆ ಎಂಬುದರ ಮೇಲೆ ಅನುಭವಿ ವೈದ್ಯರು ಇದನ್ನು ಬಹಳಮಟ್ಟಿಗೆ ಮೊದಲೇ ಹೇಳಬಲ್ಲರು. ಶ್ವಾಸಕೋಶದ್ದಾದರೆ ಏದುಸಿರು, ಯಕೃತ್ತಿಗೆ ಹರಡಿದ್ದರೆ ಹೊಟ್ಟೆಯಲ್ಲಿ ನೀರು, ಕಾಮಾಲೆ, ಕೊನೆಗೆ ಮಂಕು, ಅಂಡಾಶಯದ್ದಾದರೆ ಕರುಳು ಕಟ್ಟಿಕೊಂಡು ವಾಂತಿ, ಮೂಳೆಗೆ ಹರಡಿದ್ದರೆ ಅಲುಗಾಡಿದಾಗ ನೋವು ಮತ್ತು ಮೂಳೆ ಮುರಿಯುವ ಭಯ, ತಂಬಾಕು, ಎಲೆಯಡಿಕೆಯ ಕಾರಣ ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಾಯಿಯ ಕ್ಯಾನ್ಸರಿನಲ್ಲಿ ದುರ್ವಾಸನೆಯ ಹುಣ್ಣು, ನುಂಗಲಾಗದ ಸ್ಥಿತಿ, ಕೆಲವರಲ್ಲಿ ಕತ್ತಿನ ದೊಡ್ಡ ರಕ್ತನಾಳ ಒಡೆಯುವ ಸಾಧ್ಯತೆ. ಬಿಡುಗಡೆ ಪತ್ರ ಕೈಗೆ ಪಡೆಯುವಾಗ 'ಎಷ್ಟು ದಿನ ಇರುತ್ತಾರೆ' ಎಂದು ಕೇಳುವಷ್ಟೇ ಗಟ್ಟಿಯಾಗಿ 'ಮುಂದೆ ಏನೇನು ಕಾಣಿಸಿಕೊಳ್ಳಬಹುದು' ಎಂದೂ ಕೇಳಬೇಕು. ಎರಡನೆಯ ಪ್ರಶ್ನೆಗೆ ಸಿಗುವ ಉತ್ತರ ಮೊದಲನೆಯದಕ್ಕಿಂತ ಹೆಚ್ಚು ನಂಬಬಹುದಾದದ್ದು.

ಎರಡನೆಯದು, ರಾತ್ರಿ ರೋಗಿಯ ಪಕ್ಕದಲ್ಲಿ ಇರುವವರು. ಹಗಲು ಬಂದು ಹೋಗುವವರು ಹತ್ತು ಮಂದಿ ಇರಬಹುದು. ಲೆಕ್ಕಕ್ಕೆ ಬರುವುದು ನಿದ್ದೆಗೆಟ್ಟು ಮಗ್ಗುಲು ಬದಲಿಸುವ, ಮಾತ್ರೆ ಕೊಡುವ, ಬಟ್ಟೆ ಬದಲಿಸುವ ಇಬ್ಬರು. ಒಬ್ಬರೇ ಇದ್ದರೆ ಕೆಲವು ವಾರಗಳಲ್ಲಿ ಅವರೂ ಹಾಸಿಗೆ ಹಿಡಿಯುತ್ತಾರೆ.

ಮೂರನೆಯದು, ಮಾರ್ಫಿನ್ ಎಲ್ಲಿ ಸಿಗುತ್ತದೆ ಎಂಬುದು. ತೀವ್ರ ನೋವಿಗೂ ಉಸಿರಾಟದ ಸಂಕಟಕ್ಕೂ ಬೇಕಾಗುವ ಈ ಅಗ್ಗದ ಔಷಧ ಎಲ್ಲ ಮೆಡಿಕಲ್ ಶಾಪುಗಳಲ್ಲಿ ಸಿಗುವುದಿಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಬಿಗಿ ನಿಯಮಗಳಿಂದಾಗಿ ದಶಕಗಳ ಕಾಲ ಇದು ರೋಗಿಗಳ ಕೈಗೆಟುಕದೆ ಹೋಯಿತು. 2014ರ ತಿದ್ದುಪಡಿಯ ನಂತರ ಮಾರ್ಫಿನ್, ಫೆಂಟಾನಿಲ್ ಮೊದಲಾದ ಆರು ಔಷಧಗಳನ್ನು 'ಅತ್ಯಗತ್ಯ ಮಾದಕ ಔಷಧ'ಗಳೆಂದು ಗುರುತಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅವನ್ನು ಇರಿಸಿಕೊಂಡು ಕೊಡಲು ದಾರಿ ಸುಲಭವಾಗಿದೆ. ಆದರೂ ಮಾನ್ಯತೆ ಪಡೆಯದ ಆಸ್ಪತ್ರೆ, ನರ್ಸಿಂಗ್ ಹೋಮುಗಳೇ ಹೆಚ್ಚು. ಆದ್ದರಿಂದ ಯಾವುದೇ ಜಾಗವನ್ನು ಒಪ್ಪುವ ಮೊದಲು 'ಇಲ್ಲಿ ಮಾರ್ಫಿನ್ ಮಾತ್ರೆ ಇದೆಯೇ, ಯಾರು ಬರೆಯುತ್ತಾರೆ, ಮುಗಿದಾಗ ಎಲ್ಲಿ ತರಬೇಕು' ಎಂದು ನೇರವಾಗಿ ಕೇಳಿರಿ. ಉತ್ತರಿಸಲು ತಡವರಿಸಿದರೆ ಆ ಜಾಗದ ಬಗ್ಗೆ ಅರ್ಧ ತಿಳಿದಂತಾಯಿತು.

ಉಳಿದವು ಮೂರು: ತುರ್ತು ಬಂದರೆ ಆಸ್ಪತ್ರೆ ಎಷ್ಟು ದೂರ, ಕೈಯಲ್ಲಿರುವ ಹಣ ಎಷ್ಟು, ಅದರಲ್ಲಿ ದುಡಿಯುವವರು ಕೆಲಸ ಬಿಟ್ಟು ಕೂರುವ ನಷ್ಟವೂ ಸೇರಿ, ಮತ್ತು ರೋಗಿಗೆ ಏನು ಬೇಕು. ಕೊನೆಯದನ್ನು ಕೇಳುವವರೇ ಕಡಿಮೆ. 'ಅಪ್ಪನಿಗೆ ಗೊತ್ತಾಗಬಾರದು' ಎಂದು ಬಚ್ಚಿಡುವ ಮನೆಗಳಲ್ಲಿ ಅಪ್ಪನಿಗೆ ಎಲ್ಲ ಗೊತ್ತಿರುವುದೇ ಹೆಚ್ಚು.

ಮನೆ

ಹೆಚ್ಚಿನ ರೋಗಿಗಳು ಬಯಸುವುದು ಮನೆಯನ್ನೇ. ಸಾಮಾನ್ಯ ತೊಂದರೆಗಳಲ್ಲಿ ಬಹುಪಾಲನ್ನು ಮನೆಯಲ್ಲಿ ತಗ್ಗಿಸಬಹುದು ಎಂಬುದೂ ನಿಜ. ಆದರೆ ಅದಕ್ಕೊಂದು ಷರತ್ತಿದೆ: ಫೋನಿಗೆ ಸಿಗುವ ಒಬ್ಬ ವೈದ್ಯರು ಅಥವಾ ನರ್ಸ್, ಮತ್ತು ಮೊದಲೇ ತಂದಿಟ್ಟ ಔಷಧ. ಇವೆರಡೂ ಇಲ್ಲದ ಮನೆಯನ್ನು ನಾನು ಬೇರೆಯೇ ಆಯ್ಕೆಯಾಗಿ ಎಣಿಸುತ್ತೇನೆ, ಯಾರಿಗೂ ಸೂಚಿಸುವುದಿಲ್ಲ.

ನೋವಿನಿಂದಲೇ ಶುರುಮಾಡೋಣ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ರೂಪಿಸಿದ ಮೆಟ್ಟಿಲು ಕ್ರಮ ಇಂದಿಗೂ ಮನೆಯ ಆರೈಕೆಗೆ ಹೊಂದುತ್ತದೆ: ಸಾಧ್ಯವಾದಷ್ಟೂ ಬಾಯಿಯ ಮೂಲಕ, ಗಡಿಯಾರ ನೋಡಿಕೊಂಡು, ನೋವಿನ ತೀವ್ರತೆಗೆ ತಕ್ಕಂತೆ. ಗಡಿಯಾರದ ಮಾತು ಮುಖ್ಯ. ನೋವು ಬಂದ ಮೇಲೆ ಕೊಡೋಣ ಎಂದು ಕಾಯ್ದರೆ ಪ್ರತಿ ಸಲವೂ ನೋವು ಮುಂದೆ, ಮಾತ್ರೆ ಹಿಂದೆ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ ಇರುವುದರಿಂದ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6 ಎಂದು ಕೊಟ್ಟು, ರಾತ್ರಿ 10ಕ್ಕೆ ಎರಡರಷ್ಟು ಕೊಡುವ ಪದ್ಧತಿ ನಮ್ಮಲ್ಲಿ ರೂಢಿಯಲ್ಲಿದೆ. ನಡುರಾತ್ರಿ ಎಬ್ಬಿಸಿ ಮಾತ್ರೆ ಕೊಡುವ ಕೆಲಸ ಇದರಿಂದ ತಪ್ಪುತ್ತದೆ. ನಡುವೆ ನೋವು ಏರಿದರೆ ಕೊಡಬೇಕಾದ ಹೆಚ್ಚುವರಿ ಪ್ರಮಾಣವನ್ನು ವೈದ್ಯರು ಬೇರೆಯಾಗಿ ಬರೆದುಕೊಡುತ್ತಾರೆ. ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಬೇಕು.

ಮಂಡ್ಯ ಕಡೆಯ ಒಂದು ಮನೆಯಲ್ಲಿ ಸೊಸೆ ಇಟ್ಟಿದ್ದ ಲೆಕ್ಕದ ಪುಸ್ತಕ ನನಗೆ ಮಾದರಿಯಂತೆ ಕಂಡಿತ್ತು. ಶಾಲೆಯ ನೋಟ್‌ಬುಕ್ಕಿಗೆ ದಾರ ಕಟ್ಟಿ ಮಂಚದ ಕಾಲಿಗೆ ನೇತುಹಾಕಿದ್ದರು. ಅದರಲ್ಲಿ 'ರಾತ್ರಿ 2-15, ಮಾವ ಮುಖ ಗಂಟಿಕ್ಕಿದರು, ಮಾತ್ರೆ 1. 2-50, ನಿದ್ದೆ' ಎಂಬಂಥ ಸಾಲುಗಳು. ಆ ಪುಸ್ತಕ ನೋಡಿ ವೈದ್ಯರು ಐದು ನಿಮಿಷದಲ್ಲಿ ಪ್ರಮಾಣ ತಿದ್ದಿದರು. ಆಸ್ಪತ್ರೆಯ ಚಾರ್ಟಿನಲ್ಲಿ ನಾಡಿ, ಬಿಪಿ ಇರುತ್ತದೆ. ಮುಖ ಗಂಟಿಕ್ಕಿದ್ದು ಇರುವುದಿಲ್ಲ.

ಮಾರ್ಫಿನ್ ಎಂದೊಡನೆ ಮನೆಯವರಿಗೆ ಎರಡು ಭಯ: ಚಟವಾಗುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ. ಕ್ಯಾನ್ಸರ್ ನೋವಿಗೆ ತಿಳಿದವರ ಉಸ್ತುವಾರಿಯಲ್ಲಿ, ಸಣ್ಣ ಪ್ರಮಾಣದಿಂದ ಏರಿಸುತ್ತ ಕೊಟ್ಟಾಗ ಇವೆರಡಕ್ಕೂ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಮಲಬದ್ಧತೆಗೆ. ವಾಕರಿಕೆ, ತೂಕಡಿಕೆ ಕೆಲವು ದಿನಗಳಲ್ಲಿ ತಗ್ಗುತ್ತವೆ. ಮಲಬದ್ಧತೆ ಮಾತ್ರ ಔಷಧ ಇರುವವರೆಗೂ ಬಿಡದು. ಆದ್ದರಿಂದ ಮಾರ್ಫಿನ್ ಶುರುವಾದ ದಿನವೇ ಬಿಸಾಕೋಡಿಲ್ ಅಥವಾ ಸೆನ್ನದಂಥ ವಿರೇಚಕವೂ ಶುರುವಾಗಬೇಕು. ಬಾಳೆಹಣ್ಣು, ಇಸಬ್ಗೋಲ್ ನಂಬಿ ಕೂತರೆ ಸಾಲದು. ನೀರು ಸರಿಯಾಗಿ ಕುಡಿಯಲಾಗದವರಿಗೆ ಇಸಬ್ಗೋಲ್ ಒಳಗೇ ಗಟ್ಟಿಯಾಗಿ ತೊಂದರೆ ಹೆಚ್ಚಿಸುವುದೂ ಉಂಟು. ಕರುಳು ಕಟ್ಟಿಕೊಂಡಿರುವ ಅನುಮಾನವಿದ್ದರೆ, ಎಂದರೆ ಹೊಟ್ಟೆ ಉಬ್ಬಿ, ಹಿಡಿದು ಹಿಡಿದು ನೋಯುತ್ತ, ವಾಂತಿಯಾಗುತ್ತ, ಗಾಳಿಯೂ ಹೋಗದಿದ್ದರೆ, ವಿರೇಚಕ ಕೊಡದೆ ವೈದ್ಯರಿಗೆ ಫೋನ್ ಮಾಡಬೇಕು. ಎಬ್ಬಿಸಿದರೂ ಏಳದಷ್ಟು ಮಂಪರು, ತೀರ ನಿಧಾನವಾದ ಉಸಿರು, ಮೈಯೆಲ್ಲ ಜುಮ್ಮೆಂದು ಎಗರುವುದು ಕಂಡರೆ ಮುಂದಿನ ಮಾತ್ರೆ ತಡೆದು ಆಗಲೂ ಕೂಡಲೇ ಫೋನ್ ಮಾಡಬೇಕು.

ಮಾರ್ಫಿನ್‌ನಲ್ಲೇ ಆಯ್ಕೆಗಳಿವೆ, ಇಲ್ಲಿಯೂ ಹಣ ಮತ್ತು ಅಗತ್ಯದ ತೂಗಾಟವಿದೆ. ನಾಲ್ಕು ಗಂಟೆಯ ಮಾತ್ರೆ ಅತಿ ಅಗ್ಗ, ಪ್ರಮಾಣವನ್ನು ದಿನದಿನಕ್ಕೆ ತಿದ್ದಬಹುದು, ಪುಡಿ ಮಾಡಿ ಮೂಗಿನ ನಳಿಕೆಯ ಮೂಲಕವೂ ಕೊಡಬಹುದು. ತೊಡಕೆಂದರೆ ಗಡಿಯಾರ ಕಾಯುವವರು ಬೇಕು. ಹನ್ನೆರಡು ಗಂಟೆ ಕೆಲಸ ಮಾಡುವ ಮಾತ್ರೆ ನೋವು ಹತೋಟಿಗೆ ಬಂದ ಮೇಲೆ ಅನುಕೂಲ, ಆದರೆ ಅದನ್ನು ಪುಡಿ ಮಾಡಿದರೆ ಹನ್ನೆರಡು ಗಂಟೆಯ ಔಷಧ ಒಮ್ಮೆಲೇ ಮೈಗೆ ಸೇರುವ ಅಪಾಯವಿದೆ. ಫೆಂಟಾನಿಲ್ ಪ್ಯಾಚ್ ಚರ್ಮಕ್ಕೆ ಅಂಟಿಸುವಂಥದು, ಮೂರು ದಿನಕ್ಕೊಮ್ಮೆ ಬದಲಿಸಿದರೆ ಸಾಕು; ನುಂಗಲಾಗದವರಿಗೆ, ಮೂತ್ರಪಿಂಡ ಸೋತವರಿಗೆ ಒಳ್ಳೆಯದು. ಬೆಲೆ ಮಾತ್ರ ಮಾತ್ರೆಗಿಂತ ಹಲವು ಪಟ್ಟು ಹೆಚ್ಚು, ಅಂಟಿಸಿದ ಮೇಲೆ ಪೂರ್ಣ ಪರಿಣಾಮಕ್ಕೆ ಅರ್ಧ ದಿನದಿಂದ ಒಂದು ದಿನ ಬೇಕು, ಹಾಗಾಗಿ ಇಂದು ರಾತ್ರಿಯ ನೋವಿಗೆ ಅದು ಉತ್ತರವಲ್ಲ. ಜ್ವರ ಬಂದಾಗ ಅಥವಾ ಅದರ ಮೇಲೆ ಬಿಸಿನೀರಿನ ಚೀಲ ಇಟ್ಟಾಗ ಔಷಧ ಹೆಚ್ಚಾಗಿ ಒಳಸೇರುತ್ತದೆ. ಮೈ ತೀರ ಕರಗಿದವರಲ್ಲಿ ಅದು ಸರಿಯಾಗಿ ಹೀರಿಕೊಳ್ಳದೆ ಹೋಗುವುದೂ ಉಂಟು. ದುಬಾರಿಯಾದ್ದರಿಂದ ಉತ್ತಮ ಎಂದುಕೊಂಡು ಸಾಲ ಮಾಡಿ ಪ್ಯಾಚ್ ತರುವ ಕುಟುಂಬಗಳಿವೆ. ನುಂಗಬಲ್ಲ ರೋಗಿಗೆ, ಗಡಿಯಾರ ನೋಡುವವರಿರುವ ಮನೆಯಲ್ಲಿ, ಆ ಸಾಲದ ಅಗತ್ಯವಿಲ್ಲ. ಟ್ರಮಡಾಲ್ ಎಂಬ, ಮಾರ್ಫಿನ್‌ಗಿಂತ ಸೌಮ್ಯವಾದ ನೋವಿನ ಔಷಧ ಎಲ್ಲೆಡೆ ಸುಲಭವಾಗಿ ಸಿಗುವ ಕಾರಣ ಅದನ್ನೇ ಏರಿಸುತ್ತ ಹೋಗುವ ವೈದ್ಯರೂ ಇದ್ದಾರೆ. ದಿನಕ್ಕೆ 400 ಮಿಲಿಗ್ರಾಂ ಅದರ ಮಿತಿ, ಅಲ್ಲಿಂದಾಚೆ ಫಿಟ್ಸಿನ ಅಪಾಯ. ಮಿತಿ ಮುಟ್ಟಿಯೂ ನೋವು ನಿಲ್ಲದಿದ್ದರೆ ಮಾರ್ಫಿನ್ ಕೊಡುವವರನ್ನು ಹುಡುಕುವ ಸಮಯ ಬಂದಿದೆ ಎಂದೇ ಅರ್ಥ. ಉರಿ, ಶಾಕ್ ಹೊಡೆದಂಥ ನರದ ನೋವಿಗೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್ ಜೊತೆ ಸೇರಿಸುವುದುಂಟು.

ಏದುಸಿರು ಬಂದಾಗ ಮನೆಯವರ ಕೈಕಾಲು ಬಿಡುತ್ತದೆ, ಆಂಬುಲೆನ್ಸ್ ಕರೆಸುವುದು ಆಗಲೇ. ಒಂದು ಮನೆಯಲ್ಲಿ ಶೀತವಾದೀತೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಬಾಡಿಗೆಯ ಆಮ್ಲಜನಕ ಸಿಲಿಂಡರ್ ಹಚ್ಚಿ, ಮಂಚದ ಸುತ್ತ ಹದಿನೈದು ಜನ ನಿಂತಿದ್ದರು. ನಮ್ಮ ನರ್ಸ್ ಮೊದಲು ಕಿಟಕಿ ತೆರೆಸಿದರು, ಜನರನ್ನು ಜಗಲಿಗೆ ಕಳಿಸಿದರು, ಬೆನ್ನಿಗೆ ಅಕ್ಕಿಮೂಟೆ, ಅದರ ಮೇಲೆ ದಿಂಬು ಕೊಟ್ಟು ರೋಗಿಯನ್ನು ಒರಗಿಸಿ ಕೂರಿಸಿದರು, ಟೇಬಲ್ ಫ್ಯಾನನ್ನು ಮುಖಕ್ಕೆ ತಿರುಗಿಸಿದರು, ಸಣ್ಣ ಪ್ರಮಾಣದ ಮಾರ್ಫಿನ್ ಕೊಟ್ಟರು. ಮುಖದ ಮೇಲೆ ಬೀಸುವ ಗಾಳಿ ಉಸಿರುಗಟ್ಟುವ ಭಾವನೆಯನ್ನು ತಗ್ಗಿಸುತ್ತದೆ ಎಂಬುದು ಅಧ್ಯಯನಗಳಿಂದ ಸ್ಥಿರಪಟ್ಟ ಮಾತು. ರಕ್ತದಲ್ಲಿ ಆಮ್ಲಜನಕದ ಮಟ್ಟ ಇಳಿದಿಲ್ಲದವರಿಗೆ ಸಿಲಿಂಡರಿನಿಂದ ಫ್ಯಾನಿಗಿಂತ ಹೆಚ್ಚಿನ ಲಾಭವಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ನೋಡಿ, ವೈದ್ಯರನ್ನು ಕೇಳಿ ಆಮೇಲೆ ಬಾಡಿಗೆಗೆ ತಂದರೆ ಹಣ ಉಳಿಯುತ್ತದೆ.

ಊಟದ ವಿಷಯದಲ್ಲಿ ಮನೆಯೇ ಕಷ್ಟದ ಜಾಗ, ಏಕೆಂದರೆ ಎಲ್ಲರೂ ತಟ್ಟೆ ಹಿಡಿದು ನಿಲ್ಲುತ್ತಾರೆ. ದೇಹ ಮುಗಿಯುತ್ತ ಬಂದಂತೆ ಹಸಿವು ತಾನಾಗಿ ಹೋಗುತ್ತದೆ. ತಿನ್ನದಿರುವುದು ಕಾಯಿಲೆಯ ಪರಿಣಾಮವೇ ಹೊರತು ಕಾರಣವಲ್ಲ. ಕೊನೆಯ ದಿನಗಳಲ್ಲಿ ಹಾಕಿದ ಗ್ಲೂಕೋಸ್ ಕಾಲು ಊದಿಸುತ್ತದೆ, ಎದೆಯಲ್ಲಿ ಕಫ ಹೆಚ್ಚಿಸುತ್ತದೆ, ಬಲ ಕೊಡುವುದಿಲ್ಲ. ಬೇಕಾದದ್ದು ಬಾಯಿಯ ಆರೈಕೆ: ಎರಡು ಗಂಟೆಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವುದು, ತುಟಿಗೆ ತುಪ್ಪವೋ ವ್ಯಾಸಲೀನೋ ಹಚ್ಚುವುದು, ಎಚ್ಚರವಿದ್ದರೆ ಚಮಚದಲ್ಲಿ ಎಳನೀರು. ನಾಲಿಗೆಯ ಮೇಲೆ ಬಿಳಿ ಪದರ ಕಂಡರೆ ಅದು ಬೂಷ್ಟಿನ ಸೋಂಕು, ಅದಕ್ಕೆ ಹನಿ ಔಷಧವಿದೆ. ದುರ್ವಾಸನೆಯ ಹುಣ್ಣಿಗೆ ಮೆಟ್ರೊನಿಡಜೋಲ್ ಮಾತ್ರೆಯನ್ನು ನಯವಾಗಿ ಪುಡಿ ಮಾಡಿ ಉದುರಿಸಿ ಬ್ಯಾಂಡೇಜ್ ಕಟ್ಟುವುದನ್ನು ನರ್ಸ್ ಕಲಿಸಿಕೊಡುತ್ತಾರೆ; ವಾಸನೆ ತಗ್ಗಿದ ಮೇಲೆ ಮೊಮ್ಮಕ್ಕಳು ಕೋಣೆಯೊಳಗೆ ಬರುತ್ತಾರೆ, ಅದಕ್ಕಿಂತ ದೊಡ್ಡ ಔಷಧ ಆ ರೋಗಿಗೆ ಬೇರೆ ಇಲ್ಲ.

ರಾತ್ರಿ ಎದ್ದು ಬಟ್ಟೆ ಕಿತ್ತುಕೊಳ್ಳುವ, ಇಲ್ಲದವರೊಡನೆ ಮಾತನಾಡುವ, ಮಕ್ಕಳನ್ನೇ ಗುರುತಿಸದ ಸ್ಥಿತಿ ಬಂದಾಗ 'ಗಾಳಿ ಸೋಕಿದೆ' ಎನ್ನುವ ಮೊದಲು ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಬೇಕು: ಮೂತ್ರ ಕಟ್ಟಿದ್ದರೂ, ಮಲ ಕಟ್ಟಿದ್ದರೂ ಹೀಗಾಗುತ್ತದೆ. ಸೋಂಕು, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು, ಔಷಧದ ಪ್ರಮಾಣ ಇವೂ ಕಾರಣಗಳು. ಈ ಗೊಂದಲ ತಗ್ಗಿಸುವ ಹ್ಯಾಲೊಪೆರಿಡಾಲ್ ಹನಿ ಅಥವಾ ಮಾತ್ರೆ ಮನೆಯಲ್ಲಿಯೇ ಕೊಡಬಹುದಾದದ್ದು. ಕೊನೆಯ ಒಂದೆರಡು ದಿನಗಳಲ್ಲಿ ಗಂಟಲಿನಿಂದ ಬರುವ ಗೊರಗೊರ ಸದ್ದು ಕೇಳುವವರಿಗೆ ಭೀಕರ, ಆದರೆ ಅಷ್ಟರಲ್ಲಿ ರೋಗಿಗೆ ಅದರ ಅರಿವು ಇರುವುದಿಲ್ಲ ಎಂದೇ ವೈದ್ಯರ ಅಭಿಪ್ರಾಯ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿದರೆ ಸದ್ದು ತಗ್ಗುತ್ತದೆ. ಗಂಟಲಿನ ಸ್ರಾವ ತಗ್ಗಿಸುವ ಗ್ಲೈಕೊಪಿರೊಲೇಟ್‌ನಂಥ ಚುಚ್ಚುಮದ್ದನ್ನು ಚರ್ಮದಡಿ ಇರಿಸಿದ ಬಟರ್‌ಫ್ಲೈ ಸೂಜಿಯ ಮೂಲಕ ಕೊಡಲು ಮನೆಯವರಿಗೇ ತರಬೇತಿ ಕೊಡುವ ತಂಡಗಳಿವೆ.

ಗೃಹ ಆರೈಕೆಯ ತಂಡ ಎಲ್ಲಿ ಸಿಗುತ್ತದೆ ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರಿನಲ್ಲಿ ಕರುಣಾಶ್ರಯದ ತಂಡ, ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮನೆಗಳಿಗೆ ಹೋಗುತ್ತವೆ. ಉಳಿದೆಡೆ ಜಿಲ್ಲಾಸ್ಪತ್ರೆಯಲ್ಲಿ ಉಪಶಾಮಕ ಆರೈಕೆಯ ವಿಭಾಗವನ್ನು ಹೆಸರು ಹಿಡಿದು ವಿಚಾರಿಸಬೇಕು, ಏಕೆಂದರೆ 2012ರಿಂದ ಇದಕ್ಕೆ ರಾಷ್ಟ್ರೀಯ ಕಾರ್ಯಕ್ರಮವಿದೆ. ಕಾಸರಗೋಡಿನ ಕನ್ನಡಿಗರು ಈ ವಿಷಯದಲ್ಲಿ ನಮಗಿಂತ ಅದೃಷ್ಟವಂತರು. ಕೇರಳ 2008ರಲ್ಲೇ ಉಪಶಾಮಕ ಆರೈಕೆಯ ನೀತಿ ರೂಪಿಸಿದ್ದರಿಂದ ಅಲ್ಲಿ ಪಂಚಾಯತಿ ಮಟ್ಟದಲ್ಲಿಯೇ ನರ್ಸ್ ಮನೆಗೆ ಬರುತ್ತಾರೆ.

ಹಾಸ್ಪೈಸ್

ಹಾಸ್ಪೈಸ್ ಎಂದರೆ ಸಾಯಲು ಬಿಟ್ಟು ಬರುವ ಜಾಗ ಎಂಬ ಭಾವನೆ ಎಷ್ಟು ಆಳವಾಗಿದೆ ಎಂದರೆ, ಹೋದವರೂ ನೆಂಟರಿಗೆ 'ಆಸ್ಪತ್ರೆಯಲ್ಲಿದ್ದಾರೆ' ಎನ್ನುತ್ತಾರೆ. ವಾಸ್ತವದಲ್ಲಿ ಹಲವರು ಒಂದೆರಡು ವಾರ ಇದ್ದು ನೋವನ್ನು, ಹುಣ್ಣನ್ನು ಹತೋಟಿಗೆ ತಂದುಕೊಂಡು ಮನೆಗೆ ಮರಳುತ್ತಾರೆ; ನೋಡಿಕೊಳ್ಳುವವರಿಗೆ ಬಿಡುವು ಬೇಕೆಂದು ಸೇರಿಸುವುದೂ ಉಂಟು. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್, ಮಾರತಹಳ್ಳಿ ಸಮೀಪ ನಡೆಸುವ ಕರುಣಾಶ್ರಯದಲ್ಲಿ 1999ರಿಂದ ಒಳರೋಗಿಗಳಿಗೆ ಹಾಸಿಗೆಗಳಿವೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಎಲ್ಲವೂ ಉಚಿತ.

ತೊಂದರೆಗಳ ಹತೋಟಿಯ ದೃಷ್ಟಿಯಿಂದ ಮಾತ್ರ ನೋಡಿದರೆ ಹಾಸ್ಪೈಸೇ ಮೇಲು. ಮಾರ್ಫಿನ್ ಇದೆ, ರಾತ್ರಿಯಿಡೀ ನರ್ಸ್ ಇದ್ದಾರೆ, ಹುಣ್ಣು ತೊಳೆಯಲು ಅಸಹ್ಯಪಡದ ಕೈಗಳಿವೆ, ರಕ್ತಸ್ರಾವವಾದರೆ ಗಾಬರಿಯಾಗದವರಿದ್ದಾರೆ. ಬಾಯಿ, ಗಂಟಲಿನ ಕ್ಯಾನ್ಸರಿನ ದೊಡ್ಡ ಹುಣ್ಣಿರುವವರಿಗೆ, ಒಂಟಿಯಾಗಿರುವವರಿಗೆ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಇರುವವರಿಗೆ, ದಿನಗೂಲಿ ಬಿಟ್ಟರೆ ಒಲೆ ಹತ್ತದ ಕುಟುಂಬಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಕೊರತೆಗಳೂ ಇವೆ. ರಾಜ್ಯದಲ್ಲಿ ಹಾಸ್ಪೈಸ್‌ಗಳು ಬೆರಳೆಣಿಕೆಯಷ್ಟು, ಅವೂ ದೊಡ್ಡ ಊರುಗಳ ಆಸುಪಾಸಿನಲ್ಲಿ. ಬೀದರ್, ರಾಯಚೂರಿನವರಿಗೆ ಬೆಂಗಳೂರಿನ ಹಾಸ್ಪೈಸ್ ಎಂದರೆ ತಮ್ಮವರಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಕೇಳಿದ ದಿನವೇ ಹಾಸಿಗೆ ಸಿಗದಿರಬಹುದು. ಕ್ಯಾನ್ಸರ್ ಅಲ್ಲದ ಕಾಯಿಲೆಯವರನ್ನು ಎಲ್ಲ ಕಡೆ ಸೇರಿಸಿಕೊಳ್ಳುವುದಿಲ್ಲ. ಸ್ಕ್ಯಾನ್, ರಕ್ತ ಕೊಡುವುದು, ಶಸ್ತ್ರಚಿಕಿತ್ಸೆ ಇಂಥವನ್ನು ಅಲ್ಲಿ ನಿರೀಕ್ಷಿಸಬಾರದು. ಸೇರಿಸುವಾಗ ಕ್ಯಾನ್ಸರ್ ಆಸ್ಪತ್ರೆಯ ದಾಖಲೆಗಳನ್ನು ಕೇಳುತ್ತಾರೆ. ಕೊನೆಯ ವಾರದವರೆಗೆ ಕಾಯದೆ ಫೈಲಿನೊಂದಿಗೆ ಒಮ್ಮೆ ಮೊದಲೇ ಹೋಗಿ ಮಾತನಾಡಿಸಿ ಬರುವುದು ಜಾಣತನ.

ಆಸ್ಪತ್ರೆಯ ಉಪಶಾಮಕ ವಿಭಾಗ

ಕೆಲವು ತೊಂದರೆಗಳಿಗೆ ಯಂತ್ರ ಮತ್ತು ತಜ್ಞರು ಬೇಕೇ ಬೇಕು. ಮೂಳೆಯ ನೋವಿಗೆ ಒಂದೇ ಸಲ ಕೊಡುವ ವಿಕಿರಣ ಚಿಕಿತ್ಸೆ ಹಲವರಲ್ಲಿ ತಿಂಗಳುಗಟ್ಟಲೆ ಸಮಾಧಾನ ಕೊಡುತ್ತದೆ. ಹೊಟ್ಟೆಯ ಅಥವಾ ಎದೆಯ ನೀರು ತೆಗೆಸಿದರೆ ಅಂದೇ ಉಸಿರು ಹಗುರಾಗುತ್ತದೆ. ಕಟ್ಟಿಕೊಂಡ ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರೆ ತುರಿಕೆ ತಗ್ಗುತ್ತದೆ. ಬೆನ್ನುನೋವಿದ್ದ ರೋಗಿಯ ಕಾಲುಗಳಲ್ಲಿ ಏಕಾಏಕಿ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಅದು ಬೆನ್ನುಹುರಿಯ ಮೇಲೆ ಗೆಡ್ಡೆ ಒತ್ತುತ್ತಿರುವ ಲಕ್ಷಣ. ಇದೊಂದರಲ್ಲಿ 'ನಾಳೆ ನೋಡೋಣ' ಎಂದರೆ ಇರುವಷ್ಟು ದಿನ ನಡೆದಾಡಬಹುದಾಗಿದ್ದವರು ಮಲಗಿಬಿಡುತ್ತಾರೆ. ಮನೆಯನ್ನು ಆರಿಸಿದವರೂ, ಹಾಸ್ಪೈಸ್ ಆರಿಸಿದವರೂ ಈ ನಾಲ್ಕೈದು ಕಾರಣಗಳಿಗೆ ಆಸ್ಪತ್ರೆಯ ದಾರಿ ತೆರೆದಿಟ್ಟುಕೊಂಡಿರಬೇಕು.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಸೇಂಟ್ ಜಾನ್ಸ್, ಮಣಿಪಾಲದ ಕಸ್ತೂರಬಾ ಆಸ್ಪತ್ರೆಗಳಲ್ಲಿ ಉಪಶಾಮಕ ಆರೈಕೆಯ ವಿಭಾಗಗಳಿವೆ. ಸರ್ಕಾರಿ ಸಂಸ್ಥೆಯಲ್ಲಿ ಖರ್ಚು ಕಡಿಮೆ, ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಆಸರೆಯಿದೆ. ಆದರೆ ಸರತಿ ಉದ್ದ, ಜೊತೆಗಿರುವವರಿಗೆ ಜಾಗವಿಲ್ಲ, ರೋಗಿ ದೀಪ ಆರದ ವಾರ್ಡಿನಲ್ಲಿ ನಿದ್ದೆಯಿಲ್ಲದೆ ಕಳೆಯಬೇಕು. ಆದ್ದರಿಂದ ಆಸ್ಪತ್ರೆಗೆ ಹೋಗುವುದಾದರೆ ಒಂದು ನಿರ್ದಿಷ್ಟ ಕೆಲಸಕ್ಕೆ ಹೋಗಿ, ಅದು ಮುಗಿದ ಮೇಲೆ ಮರಳುವುದು ಒಳ್ಳೆಯದು. ಹೊರಡುವಾಗ ಮಾರ್ಫಿನ್ ಚೀಟಿ ಮತ್ತು ಮುಂದಿನ ಫೋನ್ ನಂಬರ್ ಕೈಯಲ್ಲಿರಬೇಕು.

ಪಕ್ಕದ ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಂ ಎಂಬ ಆಯ್ಕೆ ಹತ್ತಿರವೆಂಬ ಕಾರಣಕ್ಕೆ ಆಕರ್ಷಕ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಗ್ಲೂಕೋಸ್, ಆ್ಯಂಟಿಬಯೋಟಿಕ್ ಮತ್ತು ಟ್ರಮಡಾಲ್. ಕೊಟ್ಟ ಹಣಕ್ಕೆ ತಗ್ಗುವ ಸಂಕಟ ಎಷ್ಟು ಎಂದು ಲೆಕ್ಕ ಹಾಕಿದರೆ ಇದು ಅತಿ ದುಬಾರಿ ಆಯ್ಕೆ. ಆದರೆ ಅಲ್ಲಿನ ವೈದ್ಯರು ಉಪಶಾಮಕ ತಂಡದೊಂದಿಗೆ ಫೋನಿನಲ್ಲಿ ಮಾತನಾಡಿ ಕೆಲಸ ಮಾಡಲು ಒಪ್ಪಿದರೆ ಮಾತು ಬೇರೆ. ಒಪ್ಪುವವರಿದ್ದಾರೆ, ಕೇಳಿ ನೋಡಿ.

ಐಸಿಯು

ಸರಿಪಡಿಸಬಹುದಾದ ಕಾರಣವಿದ್ದಾಗ ಐಸಿಯು ಜೀವ ಉಳಿಸುತ್ತದೆ. ಕಾಯಿಲೆಯೇ ಮುಗಿವಿನತ್ತ ಸಾಗಿದಾಗ ಅದು ಉಸಿರಾಟವನ್ನು ಮುಂದುವರಿಸುತ್ತದೆ, ಸಂಕಟವನ್ನು ತಗ್ಗಿಸುವುದಿಲ್ಲ. ಗಂಟಲಲ್ಲಿ ಕೊಳವೆ, ಕಟ್ಟಿಹಾಕಿದ ಕೈ, ಹತ್ತು ನಿಮಿಷದ ಭೇಟಿ: ಇದಕ್ಕೆ ದಿನದಿನದ ಬಿಲ್ಲು. ಬೇಡವೆನ್ನುವುದು ಕಾನೂನುಬಾಹಿರವೆಂದು ಹೆದರುವವರಿದ್ದಾರೆ. ಸುಪ್ರೀಂ ಕೋರ್ಟ್ 2018ರ ತೀರ್ಪಿನಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, 2023ರಲ್ಲಿ ಮುಂಚಿತ ವೈದ್ಯಕೀಯ ನಿರ್ದೇಶನವನ್ನು, ಎಂದರೆ ತಾನು ಹೇಳಲಾಗದ ಸ್ಥಿತಿ ಬಂದಾಗ ಯಾವ ಚಿಕಿತ್ಸೆ ಬೇಡ ಎಂಬುದನ್ನು, ಮೊದಲೇ ಬರೆದಿಡುವ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಮ್ಮುಖದಲ್ಲಿ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ರೋಗಿ ಎಚ್ಚರವಾಗಿರುವಾಗಲೇ ಇದನ್ನು ಮಾಡಿಟ್ಟರೆ ಅಣ್ಣತಮ್ಮಂದಿರ ಜಗಳವೂ ತಪ್ಪುತ್ತದೆ.

ಯಾರಿಗೆ ಯಾವುದು

ಪ್ರಾಯೋಗಿಕವಾಗಿ ಬಹುತೇಕರಿಗೆ ಹೊಂದುವುದು ಒಂದೇ ಜಾಗವಲ್ಲ, ಒಂದು ಜೋಡಣೆ. ನಗರದಲ್ಲಿದ್ದು, ರಾತ್ರಿ ಸರದಿಗೆ ಇಬ್ಬರಿದ್ದು, ಗೃಹ ಆರೈಕೆಯ ತಂಡ ಬರುವಂತಿದ್ದರೆ ಮನೆಯನ್ನೇ ಆರಿಸಿ, ಹಾಸ್ಪೈಸಿನಲ್ಲಿ ಹೆಸರು ನೋಂದಾಯಿಸಿಡಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಹಣವಿದ್ದರೆ, ರಾತ್ರಿಗೆ ತರಬೇತಿ ಪಡೆದ ಸಹಾಯಕರನ್ನು ಇಟ್ಟುಕೊಳ್ಳಬಹುದು. ಆದರೆ ಮಾರ್ಫಿನ್ ಕೊಡುವ ಹೊಣೆ ಮತ್ತು ಬೀರುವಿನ ಬೀಗದ ಕೈ ಮನೆಯವರ ಬಳಿಯೇ ಇರಲಿ. ಹಳ್ಳಿಯಲ್ಲಿದ್ದು ತಂಡ ಬರಲಾಗದಿದ್ದರೆ, ಕ್ಯಾನ್ಸರ್ ಆಸ್ಪತ್ರೆಯಲ್ಲೋ ಹಾಸ್ಪೈಸಿನಲ್ಲೋ ಒಂದು ವಾರ ಇದ್ದು ಪ್ರಮಾಣ ನಿಗದಿ ಮಾಡಿಸಿಕೊಂಡು, ಔಷಧ ಕೊಡುವುದನ್ನು, ಹುಣ್ಣು ತೊಳೆಯುವುದನ್ನು ಕಲಿತು, ತಿಂಗಳಿಗಾಗುವ ಔಷಧದೊಂದಿಗೆ ಊರಿಗೆ ಮರಳುವುದು ನಾನು ಕಂಡ ಮಟ್ಟಿಗೆ ಚೆನ್ನಾಗಿ ನಡೆಯುವ ಏರ್ಪಾಡು. ಔಷಧ ಮುಗಿದಾಗ ರೋಗಿ ಬರಬೇಕಾಗಿಲ್ಲ, ನೋಟ್‌ಬುಕ್ ಹಿಡಿದು ಮನೆಯವರು ಬಂದರೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಕತ್ತಿನಲ್ಲಿ ರಕ್ತಸ್ರಾವದ ಸಾಧ್ಯತೆಯಿದ್ದು ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಾಸ್ಪೈಸ್ ಲೇಸು. ಮನೆಯೇ ಎಂದಾದರೆ ಕಡುಬಣ್ಣದ ನಾಲ್ಕು ಟವೆಲ್, ಮಂಪರು ಬರಿಸುವ ತುರ್ತು ಚುಚ್ಚುಮದ್ದು ಮಂಚದ ಬಳಿ ಸಿದ್ಧವಿರಲಿ.

ಮನೆಯನ್ನು ಆರಿಸಿದವರು ಮರೆಯುವ ಒಂದು ವಿಷಯ ಉಳಿಯಿತು. ಮನೆಯಲ್ಲಿ ಸಾವು ಸಂಭವಿಸಿದಾಗ ಸಾವಿನ ಕಾರಣವನ್ನು ಬರೆದುಕೊಡಲು ನೋಡುತ್ತಿದ್ದ ವೈದ್ಯರೊಬ್ಬರು ಬೇಕು, ನಗರಗಳ ಚಿತಾಗಾರದಲ್ಲಿ ಆ ಪತ್ರ ಕೇಳುತ್ತಾರೆ. ಜನನ ಮರಣ ನೋಂದಣಿ 21 ದಿನಗಳೊಳಗೆ ಆಗಬೇಕು. ಯಾವ ವೈದ್ಯರು ಬರೆದುಕೊಡುತ್ತಾರೆ ಎಂಬುದನ್ನು ಗೃಹ ಆರೈಕೆಯ ತಂಡದ ಮೊದಲ ಭೇಟಿಯಲ್ಲೇ ಕೇಳಿ, ಅವರ ನಂಬರನ್ನು ಮಾತ್ರೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಕೊಟ್ಟ ಸಂಸ್ಥೆಗೇ ಹಿಂದಿರುಗಿಸಬೇಕು. ಬೇರೊಬ್ಬರ ನೋವಿಗೆಂದು ನೆರೆಮನೆಗೆ ಕೊಡುವಂತಿಲ್ಲ.